ಎರಡು ಚುಕ್ಕಿಗಳ ನಡುವೆ ಆನಿವಾ

ಪೋರ್ಟ್ ವಿಲಾದಲ್ಲಿ ರಾತ್ರಿ ಪಾಳಿ. ಫ್ಯಾನಿನ ಕಿರುಗುಟ್ಟು,
ಆರಿದ ಚಹಾ, ಮುಂದೆ ಮೂರು ಪರದೆ.
ಉತ್ತರದ ಬೆಚ್ಚನೆಯ ನೀರಿನ ಮೇಲೆ
ಮೋಡದ ಮುದ್ದೆಯೊಂದು ಮೊನ್ನೆಯಿಂದ ಸುತ್ತುತ್ತಿದೆ
ಬಲಕ್ಕೆ, ಪ್ರದಕ್ಷಿಣೆ.
ಭೂಮಿಯ ಈ ಅರ್ಧದಲ್ಲಿ ಹಾಗೆಯೇ.
ನಡುವೆ ದೇವರಿಲ್ಲ, ಇನ್ನೂ ಕಣ್ಣು ಮೂಡಿಲ್ಲ,
ಮೂವತ್ನಾಲ್ಕು ನಾಟ್ ಮುಟ್ಟುವ ತನಕ ಹೆಸರೂ ಇಲ್ಲ.

ಎರಡು ಗಂಟೆಗೆ ಶಾವಿಗೆ ಬರುತ್ತದೆ. ನಾವು ಹಾಗೇ ಕರೆಯುವುದು.
ಯುರೋಪಿನ ಯಾವುದೋ ತಣ್ಣನೆಯ ಕೋಣೆಯ ಗಣಕ
ಒಂದೇ ಬಿರುಗಾಳಿಯನ್ನು ಐವತ್ತೊಂದು ಸಲ ಹೆರುತ್ತದೆ,
ಹೆತ್ತಾಗಲೆಲ್ಲ ಕೂದಲೆಳೆಯಷ್ಟು ತಪ್ಪು ಬೆರೆಸುತ್ತದೆ,
ಬೇಕೆಂದೇ,
ಏಕೆಂದರೆ ನಾಳೆಯಿರಲಿ, ನಮಗೆ ಇವತ್ತೇ ಸರಿಯಾಗಿ ಗೊತ್ತಿಲ್ಲ.

ಶುಕ್ರವಾರದವರೆಗೆ ಎಳೆಗಳೆಲ್ಲ ಒಟ್ಟಿಗೆ, ಹೆಣೆದ ಜಡೆ.
ಆಮೇಲೆ ಬಿಚ್ಚಿಕೊಳ್ಳುತ್ತದೆ.
ಇಪ್ಪತ್ತೊಂಬತ್ತು, ಟನ್ನಾದ ಮೇಲೆ.
ಹದಿನಾಲ್ಕು, ಎರೊಮಾಂಗೊ ಸವರಿ.
ಏಳು, ಮನಸ್ಸು ಬದಲಿಸಿ, ಫಿಜಿಯ ಕಡೆ.
ಒಂದೇ ಒಂದು, ತೆಳ್ಳಗೆ, ನೀಲಿ,
ಯಾರ ಮನೆಗೂ ಹೋಗದೆ ತೆಂಕಣ ತಣ್ಣೀರಿಗೆ ಹೊರಳಿ ಸಾಯುತ್ತದೆ.
ಕೆಲಸಕ್ಕೆ ಸೇರಿದ ವರ್ಷ ಆ ಒಂದನ್ನೇ ನೋಡುತ್ತ ಕೂತಿದ್ದೆ.
ಹಿರಿಯ ಕಲ್ಸೌ ಹಿಂದೆ ಬಂದು ನಿಂತ:
"ಅದು ಗೆರೆಯಲ್ಲ ಮಗಳೇ, ಆಸೆ.
ಆಸೆಗೆ ಬುಲೆಟಿನ್ ಬರೆಯಬೇಡ."

ಅಂಬ್ರಿಮ್ಮಿನ ನನ್ನ ಸೋದರಮಾವ ಮರಳಲ್ಲಿ ಚೌಕುಳಿ ಗೀರಿ
ಬೆರಳೆತ್ತದೆ ಆಮೆ ಬಿಡಿಸುತ್ತಿದ್ದ.
ಗೆರೆ ಹೊರಟಲ್ಲಿಗೇ ಬಂದು ಮುಗಿಯಬೇಕು,
ಇಲ್ಲವಾದರೆ ಅಂಗೈಯಿಂದ ಎಲ್ಲ ಅಳಿಸು.
ಗಣಕವೂ ಕಡಲ ಮೇಲೆ ಚೌಕುಳಿ ಗೀರಿದೆ,
ಒಂಬತ್ತು ಕಿಲೋಮೀಟರಿಗೊಂದು ಚುಕ್ಕಿ.
ಟನ್ನಾ ಉದ್ದಕ್ಕೆ ನಾಲ್ಕು, ಅಗಲಕ್ಕೆ ಎರಡು.
ಪಕ್ಕದ ಆನಿವಾ? ಚುಕ್ಕಿಗಳ ಸಂದಿಯಲ್ಲಿ ಬಿದ್ದುಹೋಗಿದೆ.
ಗಣಕದ ಪಾಲಿಗೆ ಅಲ್ಲಿ ಬರೀ ನೀರು.
ಶಾಲೆ, ಕಿತ್ತಳೆ ಮರ,
ವಿಮಾನ ಇಳಿಯುವ ಹುಲ್ಲಿನ ಪಟ್ಟಿ, ನೀರು.

ಆ ನೀರಿನಿಂದ ಮೂರು ಗಂಟೆಗೆ ಫೋನು.
ಇಸಾಯ ನಾವಾಕೊ. ಅವನ ಬಳಿ ಮಳೆ ಅಳೆಯುವ ಡಬ್ಬಿ,
ಒಂದು ಬ್ಯಾರೋಮೀಟರು, ಬಡಿದರೆ ಮಾತ್ರ ಹತ್ತುವ ಟಾರ್ಚು.
"ಸಾವಿರದ ಎರಡು," ಅಂದ. "ನಿನ್ನೆ ಇದೇ ಹೊತ್ತಿಗೆ ಏಳಿತ್ತು."
ಹಿಂದೆ ಹಂದಿಯ ಗುಟುರು, ಯಾರದೋ ಕೆಮ್ಮು.
ಒತ್ತಿದೆ: ಒಂದು, ಸೊನ್ನೆ, ಸೊನ್ನೆ, ಎರಡು.
ನಾಲ್ಕಂಕಿ ಅರ್ಧ ಭೂಮಿ ದಾಟಿ
ಮುಂದಿನ ಓಟದ ಮೊದಲ ಕ್ಷಣಕ್ಕೆ ಸೇರಿಕೊಂಡವು.
ಇಲ್ಲದ ದ್ವೀಪ ಹೇಳಿಕೊಟ್ಟಿತು
ಗಾಳಿಯ ಭಾರ ಎಷ್ಟೆಂದು.

ಮಧ್ಯಾಹ್ನ ಜಡೆ ಬಿಗಿಯಾಯಿತು.
ಗೆರೆಗಳೆಲ್ಲ ಮೂಡಣಕ್ಕೆ ಸರಿದವು, ಮೂವತ್ತೇ ಕಿಲೋಮೀಟರು.
ಟನ್ನಾ ಉಳಿಯಿತು ಎಂದು ಯಾರೋ ಚಪ್ಪಾಳೆ ತಟ್ಟಿ
ತಟ್ಟಿದ ಕೈ ಹಾಗೇ ಹಿಡಿದುಕೊಂಡರು.
ಇಲ್ಲಿ ಅಳಿಸಿದ್ದು ಅಲ್ಲಿ ಮೂಡುತ್ತದೆ,
ಇಡೀ ನಕ್ಷೆಯಲ್ಲಿ ಯಾರದೂ ಅಲ್ಲದ ಜಾಗ ಕಡಿಮೆ.

ನಾನೇ ಫೋನು ಮಾಡಿದೆ.
"ನಾವು ಎಲ್ಲಿದ್ದೇವೆ?"
"ಗೆರೆಯ ಮೇಲೆ."
ಸ್ವಲ್ಪ ಹೊತ್ತು ಬರೀ ಗಾಳಿ.
"ಸರಿ. ಬಾಳೆಯ ಎಲೆ ಕಡಿಸುತ್ತೇನೆ, ಬುಡವಾದರೂ ನಿಲ್ಲಲಿ.
ಆರಕ್ಕೆ ಮತ್ತೆ ಓದುತ್ತೇನೆ."

ಓದಿದ. ಒಂಬೈನೂರ ತೊಂಬತ್ತೆಂಟು.
ತೊಂಬತ್ತೊಂದು.
ಎಪ್ಪತ್ತೊಂಬತ್ತು, ಕೂಗಿ ಹೇಳಿದ, ಎರಡು ಸಲ.
ಆಮೇಲೆ ಫೋನು ಬರಲಿಲ್ಲ.

ಸೋಮವಾರ ವರದಿ ಬರೆದೆವು.
ನಮ್ಮ ಗೆರೆಗೂ ಗಾಳಿ ನಡೆದ ಗೆರೆಗೂ ಅಂತರ
ಹನ್ನೊಂದು ಕಿಲೋಮೀಟರು. ಅತ್ಯುತ್ತಮ, ಅಂತ ನಮೂದಾಯಿತು.
ನಡೆದ ಗೆರೆ ಒಂದೇ. ಅದು ಹೊರಟಲ್ಲಿಗೆ ಮರಳಿಲ್ಲ,
ಅಳಿಸಲು ಬರುವುದಿಲ್ಲ.

ಮಂಗಳವಾರ, ದೋಣಿಯಲ್ಲಿ ಟನ್ನಾಕ್ಕೆ ಬಂದು,
ಯಾರದೋ ಫೋನು ಕೇಳಿ ಪಡೆದು, ಇಸಾಯ:
"ಶಾಲೆಯಲ್ಲಿದ್ದವರೆಲ್ಲ ಇದ್ದೇವೆ. ಶಾಲೆಗೆ ಸೂರಿಲ್ಲ.
ಮತ್ತೆ, ಲೇಸಾವ್, ಕ್ಷಮಿಸು,
ಮಳೆಯ ಡಬ್ಬಿ ಹಾರಿಹೋಯಿತು.
ಶನಿವಾರದ ಲೆಕ್ಕ ನನ್ನ ಹತ್ತಿರ ಇಲ್ಲ."