ಸರಿ

ನಮ್ಮ ಕಡೆ ಹುಣಿಸೆ ಬೀಜದ ಗಂಜಿಗೆ ಸರಿ ಎನ್ನುತ್ತಾರೆ.
ಬೇರಿಕೆಯ ಬೀದಿಯುದ್ದ ಕರಿಯುಣ್ಣೆಯ ಹಾಸು ಬಿಗಿದು
ಸೋದರತ್ತೆ ಚಿಕ್ಕೀರವ್ವ
ಕುಂಚ ಅದ್ದಿ ಅದ್ದಿ ಬಳಿಯುತ್ತಿದ್ದಳು, ಬಿಸಿಲೇರುವ ಮುಂಚೆ.
ಹುರಿದ ಬೀಜ, ಸಿಪ್ಪೆ ಬಿಟ್ಟ ಬಿಳಿ ಬೇಳೆ,
ಬೀಸಿ ಬೇಯಿಸಿ ಇಳಿಸಿದರೆ
ಹಿಡಿದದ್ದು ಬಿಡದ ಜಿಗುಟು.
ಆ ಕಂಬಳಿಯ ಮೇಲೆ ಮಳೆ ಜಾರುತ್ತಿತ್ತು.
ನನ್ನ ಬೆರಳ ಸಂದಿಯದು ಶಾಲೆಯ ತನಕ ಉಳಿದು
ಕಾಗುಣಿತದ ಹಾಳೆ ಅಂಗೈಗಂಟಿ ಎದ್ದು ಬರುತ್ತಿತ್ತು.

ಈಗ ಹೊಸೂರಿನಲ್ಲಿ ನಿಕ್ಕಲ್ ಲೇಪದ ಶೆಡ್ಡು.
ಸೈಕಲ್ಲಿನ ಗಂಟೆ, ನಲ್ಲಿಯ ಕತ್ತು, ಚಿಲಕ, ಕೊಂಡಿ,
ತೊಟ್ಟಿಗೆ ಮಂಕಾಗಿ ಇಳಿದವು
ಮದುಮಕ್ಕಳಂತೆ ಏಳುತ್ತವೆ.
ಅವು ಮಿಂದ ನೀರು ಮಾತ್ರ ಹಸಿರು.
ಎಂಥ ಹಸಿರು ಅಂತೀರಿ!
ಈ ಸೀಮೆಯ ಯಾವ ಹೊಲವೂ
ಅಷ್ಟು ಚೆಲುವಾಗಿ ಚಿಗುರಿದ್ದು ನಾ ಕಾಣೆ.
ತಾಗಿದರೆ ತುರಿಕೆ.
ಕಾಲುವೆಯ ಕೆಳಗೆ ಯಾರದೋ ಗುಲಾಬಿ ತೋಟ.

ಹುಣಿಸೆ ಬೀಜ ಅಂದಾಗ ಯಜಮಾನ ಕದಿರವೇಲು
ತಮಿಳಲ್ಲಿ ನಕ್ಕು ಕನ್ನಡದಲ್ಲಿ ಕೇಳಿದ:
"ಸಾರು ಮಾಡ್ತೀಯೇನಮ್ಮಾ?"
ನಾನು ಒಲೆ ಹಚ್ಚಿದೆ.

ಮರ ತನ್ನ ಮರಿಗೆಂದು ಕಟ್ಟಿದ ಬುತ್ತಿ ಅದು;
ಸಕ್ಕರೆ ಸಕ್ಕರೆಯ ಕೈ ಹಿಡಿದು ನಿಂತ ಉದ್ದ ಸಾಲು,
ನಾಲಗೆಗೆ ಸಿಹಿಯೇ ಅಲ್ಲದ ಸಕ್ಕರೆ.
ಆ ಗಂಟು ಬಿಚ್ಚಿ, ನಿಂಬೆಹುಳಿ ಬೆರೆಸಿ,
ಸಾಸಿವೆಯಷ್ಟು ಉಂಡೆ ಕಟ್ಟಿ, ಕಾಯಿಸಿ ಒಣಗಿಸಿ
ಹಸಿರು ನೀರಿಗೆ ಸುರಿದೆ.
ಮೊದಲ ಸಲ ಎಲ್ಲ ಕರಗಿ ಲೋಳೆಯಾಯಿತು.
ಎರಡನೆಯದಕ್ಕೆ ಬೂಷ್ಟು.
ಮೂರನೆಯದನ್ನು ಇಲಿ ತಿಂದಿತು.
ನಾಲ್ಕನೆಯ ಸಲ ಸಾಲಿನ ಕೈಗಳೆಲ್ಲ ಚಾಚಿ
ನೀರನ್ನು ಹೋಗಗೊಟ್ಟು
ಲೋಹದ ಮುಂಗೈ ಹಿಡಿದವು,
ಸಂತೆಯಲ್ಲಿ ಮಗುವಿನ ಕೈ ಹಿಡಿದ ಹಾಗೆ.

ಸಂಜೆ ಪರೀಕ್ಷೆ. ಅಮೋನಿಯದ ಘಾಟಿಗೆ ಮುಖ ತಿರುವಿ
ಒಂದು ತೊಟ್ಟು ಮದ್ದು ಬಿಡುತ್ತೇನೆ.
ನಿಕ್ಕಲ್ ಇದ್ದರೆ ನೀರು ಗುಲಾಬಿಯಾಗಬೇಕು.
ಬೆಳಗಿನದು ಕಡುಗುಲಾಬಿ.
ಸಂಜೆಯದನ್ನು ಬೆಳಕಿಗೆ ಹಿಡಿದರೆ
ಹೆಸರು ಕೂಗಿದಾಗ ಹುಡುಗಿಯ ಕಿವಿಯ ತುದಿಗೆ
ಬರುತ್ತದಲ್ಲ, ಅಷ್ಟೇ ಅಷ್ಟು.
ಕದಿರವೇಲು ಇಣುಕಿದ: "ಸರಿಹೋಯ್ತಲ್ಲ."

ಹೋಗಿಲ್ಲ.
ಹೋಗುವುದಾದರೂ ಎಲ್ಲಿಗೆ? ಉಂಡೆಗಳೀಗ ಹಸಿರು,
ಎಳೆ ಬೇವಿನಕಾಯಿಯಂತೆ ಹೊಟ್ಟೆ ತುಂಬಿ ತಳದಲ್ಲಿ ಕೂತಿವೆ.
ಮರಿಗೆ ಕಟ್ಟಿದ ಬುತ್ತಿಯನ್ನು ವಿಷ ಉಂಡಿತೋ
ಬುತ್ತಿಯೇ ವಿಷವನ್ನು ಉಂಡಿತೋ, ನನಗೆ ತಿಳಿಯದು.
ನೀಲಿ ಡ್ರಮ್ಮಿಗೆ ತುಂಬಿ, ಮುಚ್ಚಳ ಬಿಗಿದು
ಕನ್ನಡ, ತಮಿಳು, ತೆಲುಗು ಮೂರರಲ್ಲೂ ಬರೆದಿದ್ದೇನೆ:
ಮುಟ್ಟಬೇಡಿ.
ಇಲಿಗೆ ಓದಲು ಬಾರದು.
ಮೂರು ಡ್ರಮ್ಮು ಆಗಿವೆ. ಒಯ್ಯುವ ಲಾರಿ ಇನ್ನೂ ಬಂದಿಲ್ಲ.

ಮೊನ್ನೆ ಚಿಕ್ಕೀರವ್ವ ಬಂದಿದ್ದಳು.
"ಸರಿ ಕಾಯಿಸ್ತೀಯಂತೆ, ನೂಲೆಲ್ಲಿ?" ಎಂದು ಸುತ್ತ ನೋಡಿದಳು.
ತೊಟ್ಟಿಯ ಹಸಿರು ತೋರಿಸಿದೆ. ಬಹಳ ಹೊತ್ತು ಮಾತಿಲ್ಲ.
ಆಮೇಲೆ ಒಲೆಯ ಪಾತ್ರೆಗೆ ಬೆರಳದ್ದಿ
ಹೆಬ್ಬೆರಳಿಗೆ ತಾಗಿಸಿ ಎಳೆದಳು;
ಎಳೆ ನಡುವೆಯೇ ಕಡಿಯಿತು.
"ಇನ್ನೊಂದು ಕುದಿ ಬೇಕು," ಅಂದಳು.

ಉರಿ ದೊಡ್ಡದು ಮಾಡಿದೆ.