ನಾಲ್ಕಿಂಚಿನ ‘ಷ್ಟ್ರೀ’

ಗದಗಿನ ಗಾಳಿಗೆ ಪೋಸ್ಟರ್ ನಿಲ್ಲೂದಿಲ್ಲ.
ಅಂಟು ದಪ್ಪ ಇರಬೇಕು, ಅದರಾಗ ಮೈಲುತುತ್ತ ಬಿದ್ದಿರಬೇಕು,
ಇಲ್ಲಾಂದ್ರ ಬೆಳಗಾಗೂದ್ರಾಗ ಆಕಳು ತಿಂದಿರ್ತಾವು.
ಇಷ್ಟು ಗೊತ್ತಿತ್ತು ನನಗ. ಫುಟ್‌ಬಾಲ್ ಗೊತ್ತಿದ್ದಿಲ್ಲ.

ಅಂದಾನೆಪ್ಪ ಸಾವಕಾರ್ರು ಚೀಟಿ ಕೊಟ್ಟು ಅಂದ್ರು:
‘ದೊಡ್ಡ ಮೊಳೆ ಹಚ್ಚು. ಮ್ಯಾಲ ಒಂದ ಸಾಲು,
ಗದಗ-ಬೆಟಗೇರಿ ಅಂತರರಾಷ್ಟ್ರೀಯ ಕ್ಲಬ್ ಕಪ್.’
ಕಟ್ಟಿಗಿ ಮೊಳೆ ನಮ್ಮಲ್ಲೆ ಇದ್ದದ್ದೆಲ್ಲಾ ನಾಟಕ ಕಂಪನಿ ಸಲುವಾಗಿ.
‘ಇಂದು ರಾತ್ರಿ’ಗೆ ಬೇಕಾದಷ್ಟು ಇ,
‘ಹಾಸ್ಯ’ಕ್ಕ ಬೇಕಾದಷ್ಟು ಹಾ.
ಷ್ಟ್ರೀ ಇಲ್ಲ.
ಧೃತರಾಷ್ಟ್ರನ ಹೆಸರು ಯಾವ ಕಂಪನಿಯವರೂ
ನಾಲ್ಕಿಂಚಿನ್ಯಾಗ ಹಾಕಿಸಿದ್ದಿಲ್ಲ.

ಬಡಿಗೇರ ಮೋನೇಶ ಆಗ ಗೋಲಿನ ಕಂಬ ಕೆತ್ತಾಕತ್ತಿದ್ದ.
ಒಂದು ಗೇಣು ಸಾಗವಾನಿ ತುಂಡು ಉಳದಿತ್ತು.
ನಾ ಕನ್ನಡಿ ಹಿಡಿದೆ, ಅವ ತಿರುಗಾಮುರುಗಾ ಕೊರದ:
ಷ, ಅದರ ಕಾಲಾಗ ಟ, ಟದ ಬಾಲಕ್ಕ ರ,
ತಲಿ ಮ್ಯಾಲ ಗುಡಿಸು, ಬಗಲಾಗ ದೀರ್ಘ.
‘ಒಂದ ಅಕ್ಷರದಾಗ ಎಷ್ಟ ಮಂದಿ ಕುಂತಾರಲೇ,’ ಅಂದ,
‘ಅಮಾಸಿ ಬಸ್ಸಿನಂಗ.’

ಕೊಲಂಬೋದಿಂದ ಬಂದರಿನ ಹುಡುಗರು ಬಂದ್ರು,
ಮೀಟರ್‌ಗೇಜ್ ರೈಲಿನ ಕರಿ ಮಾರಿ ತುಂಬ.
ಕಾಠ್ಮಂಡುವಿನ ಅಂಚೆ ಇಲಾಖೆಯವರು ಬಂದ್ರು, ಸ್ವೆಟರ್ ಸಮೇತ, ಏಪ್ರಿಲ್‌ನ್ಯಾಗ.
ಢಾಕಾದವರು ಬರ್ತೀವಿ ಅಂದು ತಂತಿ ಕಳಿಸಿದ್ರು,
ಎರಡೂ ವರ್ಷ ತಂತಿ ಒಂದ ಬಂತು.
ಬಂದರಿನವರು ಇಲ್ಲಿ ನೀರು ಎಲ್ಲೈತಿ ಅಂದ್ರ
ಭೀಷ್ಮ ಕೆರಿ ತೋರಿಸಿದಿವಿ.
ಭಾಳ ಹೊತ್ತು ನೋಡಿದ್ರು, ಮರ್ಯಾದಿ ಮಂದಿ.

ನಮ್ಮ ಗೋಲಿಗೆ ದಾವಲಸಾಬ ನದಾಫ,
ಹತ್ತಿ ಹಿಂಜಿ ಹಿಂಜಿ ಬಲ್ತ ಬೆರಳು.
ಉಳಿದವರು ಬೆಟಗೇರಿ ಮಗ್ಗದ ಕುಣಿಯಿಂದ ಎದ್ದು ಬಂದವರು,
ಕಾಲಿನ ಕಸುಬು ಅವರಿಗೇನು ಹೊಸದಲ್ಲ.
ಕಡೀ ಹತ್ತು ನಿಮಿಷ, ಒಂದಕ್ಕೊಂದು.
ಕೊಲಂಬೋದವ ಒದ್ದದ್ದು ಸೀದಾ ಬರಾಕತ್ತಿತ್ತು,
ಕಪ್ಪತಗುಡ್ಡದ ಗಾಳಿ ಅದರ ಕಿವಿ ಹಿಂಡಿತು,
ಕಂಬಕ್ಕ ಬಡೀತು.
ಮೈದಾನ ಉಸಿರು ಹಿಡದಿತ್ತು.
ಮೋನೇಶನ ದನಿ ಒಂದ ಕೇಳಿಸ್ತು:
‘ಕಟ್ಟಿಗಿ ಹದ ಐತಿ.’

ಮರುದಿನ ಆ ಒದ್ದವ ಪ್ರೆಸ್ಸಿಗೆ ಬಂದ, ಮೊಣಕಾಲಿಗೆ
ಜರ್ಮನ್ ಆಸ್ಪತ್ರಿ ಪಟ್ಟಿ. ಹೆಸರು ವಿಜೇತುಂಗ.
ರದ್ದಿ ಕಾಗದದ ಮ್ಯಾಲ ತನ್ನ ಲಿಪ್ಯಾಗ ಬರದ:
ದುಂಡಗ, ಬಳಿ ಬಳಿ, ನಮ್ಮ ಅಕ್ಷರಕ್ಕ
ಸೋದರಮಾವನ ಮಗ ಆಗಬೇಕು ಅನಸ್ತು.
ನಾ ಕನ್ನಡದಾಗ ಜೋಡಿಸಿ ಒಂದು ಕಾರ್ಡು ತಗದು ಕೊಟ್ಟೆ.
ಇಬ್ಬರಿಗೂ ಓದಾಕ ಬರಲಿಲ್ಲ, ಒಬ್ಬರದು ಒಬ್ಬರಿಗೆ.
ಮಸಿ ಆರೂತನಕಾ ಊದಿಕೋತ ನಿಂತಿದ್ದ.

ಎರಡ ವರ್ಷ, ಅಷ್ಟ.
ಮೂರನೇದ್ದಕ್ಕ ಸಾಲು ಜೋಡಿಸಿ, ಸುತ್ತ ದಾರ ಬಿಗದು,
ಒಂದು ಪ್ರೂಫ್ ತಗದಿದ್ದೆ.
ವೀಸಾ ಸಿಗಲಿಲ್ಲ ಅಂದ್ರು ಒಬ್ಬರು.
ಖಜಾಂಚಿ ಮನಿಗೆ ಹೊಸ ಗಚ್ಚು ಬಂತು ಅಂದ್ರು ಇನ್ನೊಬ್ಬರು.
ಸಾವಕಾರ್ರು ಏನೂ ಅನಲಿಲ್ಲ. ‘ಬಿಚ್ಚು’ ಅಂದ್ರು.

ಬಿಚ್ಚಿದೆ.
ಅಂ ಅದರ ಮನಿಗೆ ಹೋತು, ತ ತನ್ನ ಮನಿಗೆ,
ಕ್ಲ ‘ಕ್ಲೇಶ’ದ ಮಗ್ಗಲಕ್ಕ.
ಷ್ಟ್ರೀಗೆ ಖಾನೆ ಇದ್ದಿದ್ದಿಲ್ಲ.
ಕಿಸೇದಾಗ ಹಾಕ್ಕೊಂಡು ಮನಿಗೆ ತಂದೆ,
ಅಕಿ ಕೇಳಿದ್ಲು, ‘ಪಗಾರದ ಬದಲಿ ಇದನ್ನ ಕೊಟ್ರೇನು?’

ಆಫ್‌ಸೆಟ್ ಬಂತು. ಕಟ್ಟಿಗಿ ಮೊಳೆ ಎಲ್ಲಾ
ಯಾರದೋ ಹಂಡೇದ ಬುಡಕ ಉರದುವು,
‘ಇಂದು ರಾತ್ರಿ’ ಸಮೇತ.
ಗೋಲಿನ ಕಂಬ ಮುಳಗುಂದ ನಾಕಾದಾಗ
ಚಹಾದಂಗಡಿ ತಗಡು ಹೊತ್ತು ನಿಂತಾವು.
ಹೋದಾಗೊಮ್ಮೆ ಬೆರಳ ಗೆಣ್ಣಿಲೆ ಬಡದು ನೋಡ್ತೀನಿ.
ಅಂಗಡಿ ಹುಡುಗ ಗಿರಾಕಿ ಕರದ್ರು ಅಂತ ತಿಳಕೊಂಡು
ಇನ್ನೊಂದು ಚಹಾ ತಂದಿಡ್ತಾನ.