ಚಾರ್ಜ್ ಲಿಸ್ಟ್

ಬಿಂದುಜ ಟೀಚರ್,
ಮುಳಿಪದವು ಶಾಲೆಯ ಸ್ಟಾಕ್ ಪುಸ್ತಕ ಮೇಜಿನ ಮೇಲಿದೆ.
ನಿಮಗೆ ಕನ್ನಡ ಬಾರದೆಂದು
ಪೆರ್ಲದ ಬಸ್ಸಿನಲ್ಲೇ ಸುದ್ದಿ ಸಿಕ್ಕಿತು.
ನನಗೆ ಬರೆಯಲು ಬರುವುದು ಇದೊಂದೇ.
ನಾಲ್ಕನೆಯ ಕ್ಲಾಸಿನ ಮಿಸ್ರಿಯಾ ಓದಿ ಹೇಳುತ್ತಾಳೆ.
ಅವಳಿಗೆ ಮನೆಯಲ್ಲಿ ಬ್ಯಾರಿ, ಅಂಗಡಿಯಲ್ಲಿ ತುಳು,
ಟಿ.ವಿ.ಯದ್ದು ಮಲಯಾಳ, ಜಗಳ ಮಾತ್ರ ಕನ್ನಡದಲ್ಲಿ.

ಮೊದಲು ಸರಕಾರದ್ದು.
ನಾಲ್ಕು ಋತುಗಳ ಚಾರ್ಟ್, ಒಂದು.
ಮೂರು ಚಿತ್ರದಲ್ಲಿ ಮರ, ಒಂದರಲ್ಲಿ ಹಿಮ.
ಗೆದ್ದಲು ಹಿಮವನ್ನಷ್ಟೇ ತಿಂದಿದೆ,
ಇಲ್ಲಿ ಬೀಳದ್ದು ಯಾವುದೆಂದು ಅದಕ್ಕೂ ಗೊತ್ತು.
ಪ್ಲಾಸ್ಟಿಕ್ ಪೆಂಗ್ವಿನ್, ಕೊಕ್ಕಿಲ್ಲ.
ಭೂತಗನ್ನಡಿ ಹತ್ತು ಬಂದದ್ದು, ಒಂಬತ್ತಿವೆ.
ಹತ್ತನೆಯದು ಲವೀನನ ಜೇಬಿನಲ್ಲಿ ಹೈಸ್ಕೂಲಿಗೆ ಹೋಯಿತು.
ನನಗೆ ಗೊತ್ತಿತ್ತು.
ನನಗೆ ಗೊತ್ತೆಂದು ಅವನಿಗೂ ಗೊತ್ತಿತ್ತು.

ಉಳಿದದ್ದನ್ನು ಪುಸ್ತಕದ ಹಿಂಬದಿಯಿಂದ ಬರೆದಿದ್ದೇನೆ,
ಆಡಿಟಿನವರು ಅಷ್ಟು ದೂರ ಮಗುಚುವುದಿಲ್ಲ.

ಹಾವಿನ ಪೊರೆ, ಐದು ಅಡಿ, ತಲೆಯಿಂದ ಬಾಲದವರೆಗೆ ಇಡಿಯದು.
ಈಗ ಇಲ್ಲ.
ಗುಲಾಬಿಯ ಅಜ್ಜ ಬಾಗಿಲಲ್ಲಿ ನಿಂತು
"ಟೀಚರೇ, ಅದು ಬೀರುವಿನಲ್ಲಿ ಇಡುವ ವಸ್ತುವಲ್ಲ" ಎಂದರು.
ಎಲ್ಲರೂ ಸಾಲು ಹಿಡಿದು ಹೋಗಿ ನಾಗಬನದಲ್ಲಿ ಬಿಟ್ಟು ಬಂದೆವು.
ಅಜ್ಜ ದಾರಿಯುದ್ದಕ್ಕೂ ಹಾವು ಪೊರೆ ಕಳಚುವುದನ್ನು
ಅಂಗಿ ಬಿಚ್ಚಿದ ಹಾಗೆ ಕೈಯಲ್ಲಿ ತೋರಿಸಿದರು.
ಆ ದಿನದ ಟೀಚಿಂಗ್ ನೋಟ್‌ನಲ್ಲಿ ಏನು ಬರೆಯಬೇಕೆಂದು
ನನಗೆ ತಿಳಿಯಲಿಲ್ಲ.

ಗೀಜಗನ ಗೂಡು, ಎರಡು. ಒಂದು ಅರ್ಧ ನೇಯ್ದದ್ದು.
ಅರ್ಧದ್ದೇ ಒಳ್ಳೆಯದು, ಗಂಟು ಕಾಣುತ್ತದೆ.

ಕಪ್ಪೆಮರಿ, ಹನ್ನೊಂದು.
ಮಿಸ್ರಿಯಾ, ಇದನ್ನು ಮೆಲ್ಲ ಓದು.
ಶುಕ್ರವಾರ ಪಳ್ಳದಿಂದ ತಂದು
ಹಾರ್ಲಿಕ್ಸ್ ಬಾಟಲಿಯಲ್ಲಿ ಕಿಟಕಿಗೆ ಇಟ್ಟಿದ್ದೆ,
ಕಾಲು ಮೂಡುವುದನ್ನು ನೋಡೋಣ ಎಂದು.
ಸೋಮವಾರ ಬೀಗ ತೆಗೆದಾಗಲೇ ವಾಸನೆ.
ನಷ್ಟದ ಕಾಲಮ್ಮಿನಲ್ಲಿ ಕಾರಣ ಕೇಳುತ್ತದೆ.
"ನಾನು" ಎಂದು ಬರೆದು ಸಹಿ ಹಾಕಿದ್ದೇನೆ.
ಅಂದಿನಿಂದ ನಾವೇ ಪಳ್ಳಕ್ಕೆ ಹೋಗುತ್ತೇವೆ,
ಪಳ್ಳ ಶಾಲೆಗೆ ಬರುವುದಿಲ್ಲ.

ಪದವು.
ಎಕರೆ ಎಷ್ಟೆಂದು ಗೊತ್ತಿಲ್ಲ, ನಮ್ಮದೂ ಅಲ್ಲ.
ಮೇ ತಿಂಗಳಲ್ಲಿ ಚಪ್ಪಲಿ ಹಾಕಿದರೂ ಕಾಲು ಸುಡುವ ಮುರಕಲ್ಲು.
ಓಣಂ ಹೊತ್ತಿಗೆ ಬನ್ನಿ, ಕಲ್ಲಿನ ಮೇಲೆ ನೀಲಿ.
ಅದಕ್ಕೆ ನಿಮ್ಮಲ್ಲಿ ಕಾಕ್ಕಪೂವ್ ಅನ್ನುತ್ತಾರಂತೆ,
ನಾವು ಸೀತೆಯ ಕಣ್ಣೀರು ಎಂದು ಓದಿದ್ದೇವೆ,
ತುಳುವಿನಲ್ಲಿ ಹತ್ತು ಮನೆ ಕೇಳಿದೆ,
"ಅದಾ? ಅದು ಹೂವು" ಎಂದರು.
ಆ ಖಾನೆ ಖಾಲಿ ಬಿಟ್ಟಿದ್ದೇನೆ, ನೀವು ತುಂಬಿಸಬಹುದು.
ಇಷ್ಟು ಚಂದದ್ದು ಬುಡದ ಚೀಲದಲ್ಲಿ ಹುಳ ಹಿಡಿದು ತಿನ್ನುತ್ತದೆಂದರೆ
ಮಕ್ಕಳು ನಂಬುವುದಿಲ್ಲ.
ಒಂಬತ್ತು ಭೂತಗನ್ನಡಿ ಅದಕ್ಕೇ.

ಪದವಿನ ಪಡುಬದಿ ಈಗ ಕಲ್ಲಿನ ಕೋರೆ.
ಗಣಿತದ ಪಾಠಕ್ಕೆ ಒದಗುತ್ತದೆ,
ಉದ್ದ, ಅಗಲ, ಆಳ, ಎಲ್ಲ ಮಟ್ಟಸ.
ರೈಟ್ ಆಫ್ ಮಾಡಲು ನನಗೆ ಅಧಿಕಾರವಿಲ್ಲ,
ಸ್ಟಾಕಿನಲ್ಲಿ ಹಾಗೆಯೇ ತೋರಿಸಿದ್ದೇನೆ.
ನಮ್ಮ ಶಾಲೆಯ ಗೋಡೆಯೂ ಅಲ್ಲಿಯದೇ ಕಲ್ಲು.
ಮಕ್ಕಳು ಒಮ್ಮೆ ಅದನ್ನು ಕೇಳುತ್ತಾರೆ.
ನಾನು ಬೆಲ್ ಹೊಡೆಸಿಬಿಟ್ಟಿದ್ದೆ.

ಬೀಗದ ಕೈ ಎರಡು. ಕೊಡೆ ಒಂದು, ನನ್ನದು, ಇರಲಿ.

ಕೊನೆಯದು, ಟಿಟ್ಟಿಭದ ಮೊಟ್ಟೆ.
ಗೂಡಿಲ್ಲ, ಬರೀ ಕಲ್ಲಿನ ಮೇಲೆ, ಕಲ್ಲಿನದೇ ಬಣ್ಣ.
ಎಲ್ಲಿ, ಎಷ್ಟು ಎಂದು ಬರೆದರೆ ಪುಸ್ತಕ ಯಾರ ಕೈಗೂ ಹೋಗಬಹುದು.
ಮಿಸ್ರಿಯಾ, ಇದನ್ನು ಗಟ್ಟಿಯಾಗಿ ಓದಬೇಡ.
ಟೀಚರಿಗೆ ಚಪ್ಪಲಿ ಬಿಚ್ಚಲು ಹೇಳು.
ಹಕ್ಕಿ ಬೈಯಲು ಶುರುಮಾಡುವ ಜಾಗದವರೆಗೆ
ಕರೆದುಕೊಂಡು ಹೋಗು.
ಅಲ್ಲಿಂದ ಮುಂದೆ ಒಂದು ಹೆಜ್ಜೆಯೂ ಬೇಡ.